ತಲೆದೂಗುವ ಹಾವು

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಹೆಣ್ಣು ನೋಡಲು ಹೊರಟ ಹಿರಿಯರೂ, ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತರೂ ಈ ಮಾತನ್ನೇ ನೆಚ್ಚಿ ನಡೆದವರು. ಆದರೆ ಗಾದೆಗೆ ಒಗ್ಗದ ಸಂಗತಿಗಳೂ ಲೋಕದಲ್ಲಿ ಬೇಕಾದಷ್ಟಿವೆ. ಕಂದುಬಣ್ಣದ ತಾಯಿತಂದೆಗಳಿಗೆ ಬಿಳಿಹಳದಿಯ ಮರಿ ಹುಟ್ಟುವುದುಂಟು. ಬಿಳಿಹಳದಿಯ ತಾಯಿತಂದೆಗಳಿಗೆ ಹುಟ್ಟಿದುದೆಲ್ಲವೂ ಕಂದುಬಣ್ಣದ್ದೇ ಆಗಿರುವುದೂ ಉಂಟು. ಹಿಂದಿನವರು ಇಂತಹ ವಿಚಿತ್ರಗಳನ್ನು ದೈವಚಿತ್ತವೆಂದು ಹೇಳಿ ಸುಮ್ಮನಾದರು. ಸುಮ್ಮನಾದುದರಲ್ಲಿ ತಪ್ಪೇನೂ ಇರಲಿಲ್ಲ, ಅರಿಯದುದಕ್ಕೆ ಹೊಣೆಯಿಲ್ಲ. ಈಗಲಾದರೋ ಆ ದೈವಚಿತ್ತದ ಲೆಕ್ಕವು ಬಹುಮಟ್ಟಿಗೆ ಮನುಷ್ಯನ ಕೈಸೇರಿದೆ. ಹುಟ್ಟಲಿರುವ ಜೀವಿಯ ಮೈಬಣ್ಣವನ್ನು ಮೊದಲೇ ಎಣಿಸಿ ಹೇಳಬಲ್ಲವನು, ಆ ಬಣ್ಣದೊಡನೆ ಬರುವ ಬೇನೆಗೂ ಹೊಣೆಗಾರನಾಗುವನೇ? ಈ ಪ್ರಶ್ನೆಯನ್ನು ಮನುಷ್ಯರ ವಿಷಯದಲ್ಲಿ ಎತ್ತಿದರೆ ರಾಗದ್ವೇಷಗಳು ಅಡ್ಡಬರುತ್ತವೆ. ಆದುದರಿಂದ ಹಾವಿನ ವಿಷಯದಲ್ಲಿ ವಿಚಾರಿಸುವುದು ಲೇಸು.

ಈ ಹಾವು ಭಾರತದ್ದಲ್ಲ. ಆಫ್ರಿಕಾ ಖಂಡದ ಪಶ್ಚಿಮದಲ್ಲಿ ಸೆನೆಗಾಲಿನಿಂದ ಮೊದಲಾಗಿ ಘಾನಾ, ಟೋಗೋ, ಬೆನಿನ್ ದೇಶಗಳನ್ನು ಹಾದು ಪೂರ್ವಕ್ಕೆ ಉಗಾಂಡದವರೆಗೆ, ಹುಲ್ಲುಗಾವಲುಗಳಲ್ಲಿಯೂ ಹೊಲಗಳ ಅಂಚಿನಲ್ಲಿಯೂ ಇಲಿಹೆಗ್ಗಣಗಳ ಬಿಲಗಳಲ್ಲಿಯೂ ವಾಸಿಸುವ ಸಣ್ಣ ಹೆಬ್ಬಾವು ಇದು. ಕನ್ನಡನಾಡಿನ ಕಾಡುಗಳ ಹೆಬ್ಬಾವಿನ ಮುಂದೆ ಇದು ಕೂಸಿನಂತೆ. ಬೆಳೆದರೆ ಮೂರು ನಾಲ್ಕು ಅಡಿ, ಹೆಚ್ಚೆಂದರೆ ಆರು. ೧೮೦೨ರಲ್ಲಿ ಜಾರ್ಜ್ ಶಾ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞನು ಇದಕ್ಕೆ ರಾಜಯೋಗ್ಯವೆಂಬ ಅರ್ಥದ ಲ್ಯಾಟಿನ್ ಹೆಸರನ್ನಿಟ್ಟನು. ಯೂರೋಪಿನವರು ಇಂದಿಗೂ ಇದನ್ನು ರಾಜ ಹೆಬ್ಬಾವೆಂದೇ ಕರೆಯುತ್ತಾರೆ. ಅಮೆರಿಕದವರು ಇಟ್ಟ ಹೆಸರು ಚೆಂಡು ಹೆಬ್ಬಾವು. ಹೆದರಿದಾಗ ಅದು ಕಚ್ಚಲು ಬರುವುದು ಅಪರೂಪ. ಮೈಯನ್ನು ಸುತ್ತಿ ಸುತ್ತಿ ಉಂಡೆಯಾಗಿ, ತಲೆಯನ್ನು ನಡುವೆ ಹುದುಗಿಸಿಕೊಂಡು, ಭಯವು ಕಳೆಯುವವರೆಗೆ ಅಲುಗದೆ ಇರುತ್ತದೆ.

ಬೆನಿನ್ ದೇಶದ ವೀದಾ ಎಂಬ ಊರಿನಲ್ಲಿ ಈ ಹಾವಿಗೆ ಗುಡಿಯೊಂದುಂಟು. ಅಲ್ಲಿಯ ವೊಡೂನ್ ಮತದವರಿಗೆ ಇದು ಪೂಜ್ಯವಾದುದು. ಗುಡಿಯೊಳಗೆ ಹತ್ತಾರು ಹಾವುಗಳು ಒಂದರ ಮೇಲೊಂದು ಮಲಗಿರುತ್ತವೆ. ಊರೊಳಗೆ ಹೋಗಿ ಯಾರದಾದರೂ ಮನೆಯನ್ನು ಹೊಕ್ಕರೆ ಮನೆಯವರು ಹೊಡೆಯುವುದಿಲ್ಲ, ಮರ್ಯಾದೆಯಿಂದ ಗುಡಿಗೆ ತಂದುಬಿಡುತ್ತಾರೆ. ನಾಗಬನಗಳ ನಾಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಲ್ಲಿ ಪೂಜೆಗೊಳ್ಳುವ ಹಾವು ಕಪ್ಪುಮಿಶ್ರಿತ ಕಂದುಬಣ್ಣದ್ದು. ಪಕ್ಕೆಗಳಲ್ಲಿ ಹೊಂಬಣ್ಣದ ಮಚ್ಚೆಗಳು, ಮಚ್ಚೆಯೊಳಗೆ ಕಣ್ಣಿನಂತೆ ಕಪ್ಪು ಚುಕ್ಕೆಗಳು. ಒಣಗಿದ ಹುಲ್ಲಿನ ನೆರಳಿನಲ್ಲಿ ಮಲಗಿದರೆ ಗರುಡನ ಕಣ್ಣಿಗೂ ಬೀಳದಂತೆ ಪ್ರಕೃತಿಯು ನೆಯ್ದ ಬಟ್ಟೆ ಅದು.

ಈ ಸಾಧುಸ್ವಭಾವವೇ ಹಾವಿಗೆ ಮುಳುವಾಯಿತು. ಕೈಯಲ್ಲಿ ಹಿಡಿದರೂ ಸುಮ್ಮನಿರುವ ಹಾವನ್ನು ಮನೆಯಲ್ಲಿ ಸಾಕಬೇಕೆಂಬ ಆಸೆ ಅಮೆರಿಕದಲ್ಲಿಯೂ ಯೂರೋಪಿನಲ್ಲಿಯೂ ಹುಟ್ಟಿತು. ೧೯೭೫ರಿಂದೀಚೆಗೆ ಪಶ್ಚಿಮ ಆಫ್ರಿಕಾದಿಂದ ಮೂವತ್ತು ಲಕ್ಷಕ್ಕೂ ಮಿಕ್ಕಿ ಇಂತಹ ಹಾವುಗಳು ಹೊರದೇಶಗಳಿಗೆ ಹೋಗಿವೆ. ಬಸಿರಾದ ಹೆಣ್ಣುಗಳನ್ನೂ ಮೊಟ್ಟೆಗಳನ್ನೂ ಬಿಲಗಳಿಂದ ಅಗೆದು ತೆಗೆದು, ಮರಿಮಾಡಿಸಿ, ಪೆಟ್ಟಿಗೆಗಳಲ್ಲಿ ತುಂಬಿ ಕಳುಹಿಸುತ್ತಾರೆ. ಇಷ್ಟು ಹಾವುಗಳು ಕೈಬದಲಾಗುವಾಗ ಎಲ್ಲಿಯೋ ಒಂದು ವಿಲಕ್ಷಣವಾದುದು ಕಣ್ಣಿಗೆ ಬೀಳುತ್ತಿದ್ದಿತು. ಒಂದಕ್ಕೆ ಕಪ್ಪೇ ಇಲ್ಲ, ಹಳದಿಯೂ ಬಿಳಿಯೂ ಮಾತ್ರ, ಕಣ್ಣು ಕೆಂಪು. ಮತ್ತೊಂದಕ್ಕೆ ಮೈಯ ಅರ್ಧಭಾಗ ಹಾಲಿನಂತೆ ಬಿಳಿ, ಉಳಿದರ್ಧ ಬಣ್ಣ. ಕಾಡಿನಲ್ಲಿದ್ದರೆ ಇವು ಹದ್ದಿನ ಬಾಯಿಗೆ ಮೊದಲ ತುತ್ತಾಗುತ್ತಿದ್ದುವು. ಪೇಟೆಯಲ್ಲಿ ಒಂದೊಂದಕ್ಕೆ ಸಾವಿರಾರು ಡಾಲರುಗಳ ಬೆಲೆ ಬಂದಿತು. ೧೯೯೨ರಲ್ಲಿ ಬಾಬ್ ಕ್ಲಾರ್ಕ್ ಎಂಬ ಅಮೆರಿಕದ ಸಾಕಣೆಗಾರನ ಬಳಿ ಆ ಕೆಂಗಣ್ಣಿನ ಹಳದಿ ತಳಿಯ ಮರಿಗಳು ಹುಟ್ಟಿದಾಗ, ಈ ಬಣ್ಣವು ವಂಶದಲ್ಲಿ ಇಳಿದುಬರುವ ಗುಣವೆಂಬುದು ಸ್ಥಿರವಾಯಿತು. ೧೯೯೭ರಲ್ಲಿ ಪೈಬಾಲ್ಡ್ ಎಂಬ ಬಿಳಿಮೈಯ ತಳಿಯೂ ಹಾಗೆಯೇ ಎಂದು ತಿಳಿದುಬಂದಿತು. ಅಲ್ಲಿಂದ ಮುಂದೆ ಹಾವಿನ ಮೈ ಹಾವಿನದಾಗಿ ಉಳಿಯಲಿಲ್ಲ, ಚಿತ್ರಗಾರನ ಹಲಗೆಯಾಯಿತು.

ಹಲಗೆಯ ಮೇಲೆ ಬಣ್ಣ ಬೀಳುವ ಕ್ರಮವನ್ನು ಸ್ವಲ್ಪ ತಿಳಿಯದೆ ಮುಂದಿನ ವಿಚಾರಕ್ಕೆ ಹೋಗುವಂತಿಲ್ಲ. ಬ್ರುನ್ ಪಟ್ಟಣದ ಮಠದಲ್ಲಿದ್ದ ಗ್ರೆಗೊರ್ ಮೆಂಡೆಲ್ ಎಂಬ ಸಂನ್ಯಾಸಿಯು ಬಟಾಣಿಯ ಗಿಡಗಳನ್ನು ಎಂಟು ವರ್ಷ ಎಣಿಸಿ ೧೮೬೬ರಲ್ಲಿ ಅಚ್ಚುಹಾಕಿಸಿದ ಲೆಕ್ಕವೇ ಇದಕ್ಕೆಲ್ಲ ಮೂಲ. ಆ ಲೆಕ್ಕವನ್ನು ಲೋಕವು ಮೂವತ್ತನಾಲ್ಕು ವರ್ಷ ಮರೆತಿದ್ದು ೧೯೦೦ರಲ್ಲಿ ಮತ್ತೆ ಕಂಡುಕೊಂಡಿತು. ಅದರ ಸಾರವಿಷ್ಟು: ಪ್ರತಿಯೊಂದು ಗುಣಕ್ಕೂ ಜೀವಿಯಲ್ಲಿ ಎರಡು ಪಾಲುಗಳಿರುತ್ತವೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಈ ಪಾಲುಗಳಿಗೆ ಈಗಿನವರು ವಂಶವಾಹಿಗಳೆಂದು ಹೆಸರಿಟ್ಟಿದ್ದಾರೆ. ಜೀವಿಯು ತಾನು ಮರಿಮಾಡುವಾಗ ಎರಡರಲ್ಲಿ ಒಂದನ್ನು ಮಾತ್ರ ಕೊಡುತ್ತದೆ. ಯಾವುದನ್ನು ಕೊಡುವುದೆಂಬುದು ಕಾಸು ಚಿಮ್ಮಿದಂತೆ.

ಕೆಂಗಣ್ಣಿನ ತಳಿಯ ಗುಣವು ಅಡಗುವ ಗುಣ. ಅದರ ಪಾಲು ಒಂದೇ ಇದ್ದರೆ ಮೈಮೇಲೆ ಏನೂ ಕಾಣದು. ಹಾವು ಕಾಡಿನ ಹಾವಿನಂತೆಯೇ ಕಂದಾಗಿರುತ್ತದೆ. ಎರಡು ಪಾಲುಗಳೂ ಕೂಡಿಬಂದರೆ ಮಾತ್ರ ಕಪ್ಪು ಮಾಯವಾಗುತ್ತದೆ. ಇಂತಹ ಗುಪ್ತವಾಹಕಗಳಾದ ಎರಡು ಕಂದು ಹಾವುಗಳನ್ನು ಕೂಡಿಸಿದರೆ, ಪ್ರತಿಯೊಂದು ಮೊಟ್ಟೆಗೂ ನಾಲ್ಕರಲ್ಲಿ ಒಂದು ಪಾಲು ಸಂಭವವುಂಟು, ಕೆಂಗಣ್ಣಿನ ಮರಿಗೆ. ನಾಲ್ಕು ಮೊಟ್ಟೆಯಿಟ್ಟರೆ ಒಂದು ಖಂಡಿತವೆಂದು ಎಣಿಸಿ ಮೋಸಹೋದವರು ಬಹಳ ಮಂದಿ. ಈ ಹಾವು ಒಂದು ಸೂಲಿಗೆ ಇಡುವುದೇ ಸುಮಾರು ಆರು ಮೊಟ್ಟೆ. ಆರರಲ್ಲಿ ಒಂದೂ ಇಲ್ಲದಿರಬಹುದು, ನಾಲ್ಕು ಇರಲೂಬಹುದು. ಕಾಸಿಗೆ ಹಿಂದಿನ ಚಿಮ್ಮುವಿಕೆಯ ನೆನಪಿರುವುದಿಲ್ಲ.

ಇಲ್ಲಿ ಮೊದಲನೆಯ ಧರ್ಮಸಂದೇಹವು ತಲೆಯೆತ್ತುತ್ತದೆ. ಆ ಸೂಲಿನಲ್ಲಿ ಹುಟ್ಟಿದ ಕಂದು ಮರಿಗಳಲ್ಲಿ ಮೂರಕ್ಕೆ ಎರಡರಂತೆ ಗುಪ್ತವಾಹಕಗಳು. ಯಾವುವೆಂದು ನೋಡಿ ಹೇಳುವಂತಿಲ್ಲ. ಪೇಟೆಯಲ್ಲಿ ಅವನ್ನು ನೂರಕ್ಕೆ ಅರವತ್ತಾರು ಪಾಲಿನ ಸಂಭವವುಳ್ಳವು ಎಂಬ ಚೀಟಿಯೊಡನೆ, ಬರಿಯ ಕಂದು ಹಾವಿಗಿಂತ ಹೆಚ್ಚಿನ ಬೆಲೆಗೆ ಮಾರುತ್ತಾರೆ. ಕೊಳ್ಳುವವನು ಕಾಣದ ವಸ್ತುವಿಗೆ ಹಣ ತೆರುತ್ತಾನೆ, ಮಾರುವವನ ನಾಲಗೆಯೊಂದನ್ನೇ ನಂಬಿ. ಮಾತು ಸುಳ್ಳಾಗಿದ್ದರೆ ತಿಳಿಯುವುದು ಮೂರು ನಾಲ್ಕು ವರ್ಷಗಳ ತರುವಾಯ, ಆ ಮರಿ ಬೆಳೆದು ಮೊಟ್ಟೆಯಿಟ್ಟಾಗ. ಇಷ್ಟಾದರೂ ಈ ವ್ಯಾಪಾರವು ಕುಸಿದುಬೀಳದೆ ನಡೆದುಬಂದಿರುವುದಕ್ಕೆ, ಅದರೊಳಗಿನ ಬಹುಮಂದಿ ತಮ್ಮ ವಂಶಾವಳಿಯ ಪುಸ್ತಕಗಳನ್ನು ಪ್ರಾಮಾಣಿಕವಾಗಿ ಇಟ್ಟುಕೊಂಡಿರುವುದೇ ಕಾರಣ. ಇದನ್ನು ಅವರ ಹಿರಿಮೆಯೆಂದು ಒಪ್ಪಲೇಬೇಕು.

ಮತ್ತೆ ಕೆಲವು ಗುಣಗಳು ಪೂರ್ಣವಾಗಿ ಅಡಗುವುದೂ ಇಲ್ಲ, ಪೂರ್ಣವಾಗಿ ಮೆರೆಯುವುದೂ ಇಲ್ಲ. ಒಂದು ಪಾಲಿದ್ದರೆ ಒಂದು ಬಗೆ, ಎರಡಿದ್ದರೆ ಇನ್ನೊಂದು ಬಗೆ. ಲೆಸ್ಸರ್ ಎಂಬ ತಳಿಯ ಹಾವು ಮಾಸಲು ಕಂದುಬಣ್ಣದ್ದು. ಅಂತಹ ಎರಡನ್ನು ಕೂಡಿಸಿದರೆ ನಾಲ್ಕರಲ್ಲಿ ಒಂದು ಪಾಲು, ನೀಲಿಕಣ್ಣಿನ ಅಚ್ಚಬಿಳಿಯ ಮರಿ ಹೊರಬರುತ್ತದೆ. ಗಾದೆಯ ಸೀರೆಗೆ ಇಲ್ಲಿ ನೂಲಿನ ಸುಳಿವೇ ಸಿಕ್ಕದು. ಇನ್ನು ಮೊದಲಲ್ಲಿ ಹೇಳಿದ ವಿಚಿತ್ರ: ಕೆಂಗಣ್ಣಿನ ಹಳದಿ ಹಾವಿಗೂ, ಲ್ಯಾವೆಂಡರ್ ಎಂಬ ಮತ್ತೊಂದು ಕಪ್ಪಿಲ್ಲದ ತಳಿಗೂ ಹುಟ್ಟಿದ ಮರಿಗಳೆಲ್ಲವೂ ಕಂದು. ಕಾರಣವಿಷ್ಟೇ: ಕಪ್ಪುಬಣ್ಣವನ್ನು ತಯಾರಿಸುವ ಕೆಲಸದಲ್ಲಿ ಹಲವು ಹಂತಗಳುಂಟು, ಒಂದು ತಳಿಯಲ್ಲಿ ಒಂದು ಹಂತವು ಕೆಟ್ಟಿದೆ, ಇನ್ನೊಂದರಲ್ಲಿ ಬೇರೊಂದು. ಎರಡು ಕಡೆಯಿಂದಲೂ ಮರಿಗೆ ಒಂದೊಂದು ಒಳ್ಳೆಯ ಪಾಲು ಸಿಕ್ಕುವುದರಿಂದ ಕೊರತೆಯು ತುಂಬಿಹೋಗುತ್ತದೆ. ೨೦೨೨ರಲ್ಲಿ ಅಮೆರಿಕದ ಪೂರ್ವ ಮಿಷಿಗನ್ ವಿಶ್ವವಿದ್ಯಾಲಯದವರು ಈ ಹಂತಗಳ ವಂಶವಾಹಿಗಳನ್ನು ಗುರುತಿಸಿದರು. ಅವರು ಅದಕ್ಕಾಗಿ ಯಾವ ಹಾವನ್ನೂ ಕೊಯ್ಯಲಿಲ್ಲ. ಸಾಕಿದವರಿಂದ ಹಾವುಗಳು ಕಳಚಿಬಿಟ್ಟ ಪೊರೆಗಳನ್ನು ತರಿಸಿಕೊಂಡು ಪರೀಕ್ಷಿಸಿದರು.

ಸಾಕಣೆಗಾರರ ಸೂಕ್ಷ್ಮದೃಷ್ಟಿಗೆ ಇನ್ನೊಂದು ನಿದರ್ಶನವನ್ನು ಕೊಡದೆ ಮುಂದೆ ಹೋಗುವುದು ಅನ್ಯಾಯವಾದೀತು. ಬನಾನ ಎಂಬ ಬಾಳೆಹಣ್ಣಿನ ಬಣ್ಣದ ತಳಿಯೊಂದಿದೆ. ಆ ಬಣ್ಣವನ್ನು ತಾಯಿಯಿಂದ ಪಡೆದ ಗಂಡು ಅದನ್ನು ಹೆಚ್ಚುಕಡಿಮೆ ಹೆಣ್ಣುಮಕ್ಕಳಿಗೇ ಕೊಡುತ್ತದೆ. ತಂದೆಯಿಂದ ಪಡೆದ ಗಂಡು ಗಂಡುಮಕ್ಕಳಿಗೇ ಕೊಡುತ್ತದೆ. ಹಾವುಗಳಲ್ಲಿ ಲಿಂಗವನ್ನು ನಿರ್ಣಯಿಸುವ ಕ್ರಮವು ಹಕ್ಕಿಗಳ ಕ್ರಮದಂತೆ ಎಂದು ವಿದ್ವಾಂಸರು ಬಹುಕಾಲ ಪಾಠಹೇಳಿದ್ದರು. ಹಾಗಿದ್ದರೆ ಈ ಲೆಕ್ಕ ಕೂಡುವುದೇ ಇಲ್ಲ. ಹೆಬ್ಬಾವುಗಳಲ್ಲಿ ಆ ಕ್ರಮವು ಮನುಷ್ಯರಲ್ಲಿರುವಂತೆ ತಂದೆಯ ಕಡೆಯಿಂದ ನಿರ್ಣಯವಾಗತಕ್ಕದ್ದೆಂದು ೨೦೧೭ರಲ್ಲಿ ಸಿದ್ಧವಾಯಿತು. ಸಾಕಣೆಗಾರರ ದಿನಚರಿಗಳು ಅದನ್ನು ಮೊದಲೇ ಸೂಚಿಸಿದ್ದುವು. ಇಷ್ಟು ಎಚ್ಚರದಿಂದ ಎಣಿಸುವ ಜನರು, ಮುಂದೆ ಹೇಳುವ ಸಂಗತಿಯಲ್ಲಿ ತಮಗೇನೂ ತಿಳಿಯದೆಂದು ಹೇಳುವಂತಿಲ್ಲ.

ಆ ಸಂಗತಿಯು ಸ್ಪೈಡರ್ ಎಂಬ ತಳಿಯದು. ಸ್ಪೈಡರೆಂದರೆ ಜೇಡ. ಹೊಂಬಣ್ಣದ ಮೈಮೇಲೆ ಕಪ್ಪು ರೇಖೆಗಳು ಜೇಡನ ನೂಲಿನಂತೆ ತೆಳುವಾಗಿ ಹರಿದಿರುವುದರಿಂದ ಆ ಹೆಸರು. ನೋಡಲು ಬಲು ಸೊಗಸು. ಆಫ್ರಿಕಾದಿಂದ ಬಂದ ಒಂದೇ ಒಂದು ಹಾವಿನಿಂದ ಈ ತಳಿಯು ಬೆಳೆಯಿತು. ೧೯೯೯ರಲ್ಲಿ ಅಮೆರಿಕದಲ್ಲಿ ಅದರ ಮೊದಲ ಮರಿಗಳಾದುವು. ಇದರ ಗುಣವು ಅಡಗುವುದಲ್ಲ. ಒಂದು ಪಾಲಿದ್ದರೂ ಮೈಮೇಲೆ ಕಾಣುತ್ತದೆ, ಕಂದು ಹಾವಿನೊಡನೆ ಕೂಡಿಸಿದರೆ ಮರಿಗಳಲ್ಲಿ ಅರ್ಧದಷ್ಟು ಜೇಡವರ್ಣದವೇ. ಬೇಗ ಹಬ್ಬುವುದಕ್ಕೆ ಇದಕ್ಕಿಂತ ಅನುಕೂಲವಾದ ಗುಣವಿಲ್ಲ. ಲೋಕದಲ್ಲಿ ಈಗಿರುವ ಜೇಡವರ್ಣದ ಹಾವುಗಳೆಲ್ಲವೂ ಆ ಒಂದರ ಸಂತಾನ.

ಈ ಹಾವುಗಳು ತಲೆದೂಗುತ್ತವೆ. ಕನ್ನಡದಲ್ಲಿ ತಲೆದೂಗುವುದೆಂದರೆ ಮೆಚ್ಚಿಕೆಯ ಗುರುತು. ಒಳ್ಳೆಯ ಸಂಗೀತಕ್ಕೆ ರಸಿಕನು ತಲೆದೂಗುತ್ತಾನೆ, ಒಳ್ಳೆಯ ಕಾವ್ಯಕ್ಕೆ ಫಣಿಪತಿಯೇ ತಲೆದೂಗಿದನೆಂದು ಹೇಳುವುದೂ ಉಂಟು. ಇಲ್ಲಿಯ ತೂಗಾಟ ಅದಲ್ಲ. ತಲೆಯು ಒಂದು ಕಡೆಗೆ ವಾಲುತ್ತದೆ, ನಡುಗುತ್ತದೆ. ಬೆದರಿದಾಗಲೂ ಹಸಿದು ಇಲಿಯ ಮೇಲೆ ಎರಗುವಾಗಲೂ ನಡುಕವು ಹೆಚ್ಚಿ ಗುರಿ ತಪ್ಪುತ್ತದೆ. ಕೆಲವು ಕುತ್ತಿಗೆಯನ್ನು ತಿರುಪಿನಂತೆ ತಿರುಚಿ ಹೊಟ್ಟೆ ಮೇಲಾಗಿ ಉರುಳುತ್ತವೆ. ಒಂದರಲ್ಲಿ ಇದು ಕಷ್ಟದಿಂದ ಕಾಣುವಷ್ಟು ಅಲ್ಪ, ಇನ್ನೊಂದರಲ್ಲಿ ತಾನಾಗಿ ತಿನ್ನಲಾರದಷ್ಟು ತೀವ್ರ. ೨೦೧೪ರಲ್ಲಿ ಇಬ್ಬರು ಪಂಡಿತರು ಪಶುವೈದ್ಯರ ಪತ್ರಿಕೆಯೊಂದರಲ್ಲಿ ಇದನ್ನು ನರಸಂಬಂಧವಾದ ವಿಕಾರವೆಂದು ವಿವರಿಸಿ, ಪ್ರಾಣಿಯ ಕ್ಷೇಮದ ಪ್ರಶ್ನೆಯನ್ನೆತ್ತಿದರು. ೨೦೨೨ರಲ್ಲಿ ಜರ್ಮನಿಯ ವಿದ್ವಾಂಸರು ಸೂಕ್ಷ್ಮವಾದ ಕ್ಷಕಿರಣ ಚಿತ್ರಗಳಿಂದ ಈ ಹಾವುಗಳ ಒಳಕಿವಿಯನ್ನು ಪರೀಕ್ಷಿಸಿದರು. ಸಮತೋಲವನ್ನು ತಿಳಿಸುವ ಅರ್ಧವರ್ತುಲ ನಾಳಗಳು ಅಗಲವಾಗಿ ವಿಕಾರಗೊಂಡಿದ್ದುವು. ಅಲ್ಲಿರುವ ಸಣ್ಣ ಚೀಲವೊಂದು ಇರಬೇಕಾದುದಕ್ಕಿಂತ ಚಿಕ್ಕದಾಗಿ, ಆಕಾರಗೆಟ್ಟಿದ್ದಿತು. ಮೇಲು ಯಾವುದು, ಕೆಳಗು ಯಾವುದು ಎಂದು ಆ ಹಾವಿಗೆ ಸರಿಯಾಗಿ ತಿಳಿಯುವುದಿಲ್ಲವೆಂದು ಅರ್ಥ.

ಬಣ್ಣಕ್ಕೂ ಕಿವಿಗೂ ಏನು ನಂಟೆಂದು ಕೇಳಬಹುದು. ಬೆನ್ನೆಲುಬಿರುವ ಪ್ರಾಣಿಗಳ ಪಿಂಡದಲ್ಲಿ ಬೆನ್ನಿನ ಏಣಿನಗುಂಟ ಹುಟ್ಟುವ ಒಂದು ಜಾತಿಯ ಕಣಗಳು ಮೈಯೆಲ್ಲ ಚದುರಿ, ಚರ್ಮದಲ್ಲಿ ವರ್ಣಕಣಗಳಾಗುತ್ತವೆ. ಅವೇ ಒಳಕಿವಿಯ ರಚನೆಗೂ ನರಗಳಿಗೂ ಒದಗುತ್ತವೆ. ಆ ಪ್ರಯಾಣದಲ್ಲಿ ಎಡವಟ್ಟಾದರೆ ಎರಡು ಕಡೆಯೂ ಕೆಡುವುದು ಸಹಜವೆಂಬುದು ಪಂಡಿತರ ಊಹೆ. ಬಿಳಿಯ ಮೈ, ನೀಲಿಯ ಕಣ್ಣುಳ್ಳ ಬೆಕ್ಕುಗಳಲ್ಲಿ ಅನೇಕವು ಕಿವುಡಾಗಿರುವುದಕ್ಕೂ ಇಂತಹ ನಂಟೇ ಕಾರಣ. ಹಾಗಾಗಿ ಜೇಡವರ್ಣ ಬೇರೆ, ತಲೆನಡುಕ ಬೇರೆ ಎಂದು ಬಿಡಿಸುವಂತಿಲ್ಲ. ಕಡಮೆ ನಡುಗುವ ತಾಯಿತಂದೆಗಳನ್ನೇ ಆರಿಸಿ ಕೂಡಿಸಿದರೆ ಕ್ರಮೇಣ ಬೇನೆಯು ಕಳೆದೀತೆಂದು ಹಲವರು ವರ್ಷಗಟ್ಟಲೆ ಪ್ರಯತ್ನಿಸಿದರು. ಅಲ್ಪವಾಗಿ ನಡುಗುವ ತಾಯಿಗೆ ತೀವ್ರವಾಗಿ ನಡುಗುವ ಮರಿ ಹುಟ್ಟಿತು. ತೀವ್ರದ್ದಕ್ಕೆ ಅಲ್ಪದ್ದು ಹುಟ್ಟಿತು. ಹೂವನ್ನು ಕಿತ್ತರೆ ಮುಳ್ಳೂ ಕೈಗೆ ಬರುವ ಗಿಡವಿದು.

ಇನ್ನೂ ಒಂದು ಮಾತಿದೆ. ಜೇಡವರ್ಣದ ಎರಡು ಹಾವುಗಳನ್ನು ಕೂಡಿಸಿದಾಗ ನಾಲ್ಕರಲ್ಲಿ ಒಂದು ಪಾಲು ಮರಿಗಳಿಗೆ ಆ ಗುಣವು ಇಮ್ಮಡಿಯಾಗಿ ಬರಬೇಕು. ಅಂತಹ ಬದುಕಿದ ಹಾವೊಂದನ್ನು ಇದುವರೆಗೆ ಯಾರೂ ನಿಸ್ಸಂದೇಹವಾಗಿ ತೋರಿಸಿಲ್ಲ. ಅವು ಮೊಟ್ಟೆಯೊಳಗೇ ಅಳಿಯುತ್ತವೆಂದು ನಂಬಲಾಗಿದೆ. ಫ್ರಾನ್ಸಿನ ಕ್ಯುಏನೋ ಎಂಬ ವಿದ್ವಾಂಸನು ೧೯೦೫ರಲ್ಲಿ ಹಳದಿ ಇಲಿಗಳಲ್ಲಿ ಇದೇ ಒಗಟನ್ನು ಕಂಡಿದ್ದನು: ಮೂರಕ್ಕೆ ಒಂದಾಗಬೇಕಾದ ಲೆಕ್ಕವು ಎರಡಕ್ಕೆ ಒಂದಾಗಿ ನಿಲ್ಲುತ್ತಿದ್ದಿತು. ಇಮ್ಮಡಿ ಹಳದಿಯ ಮರಿಗಳು ಹುಟ್ಟುವುದಕ್ಕೆ ಮುಂಚೆಯೇ ಸಾಯುತ್ತವೆಂದು ೧೯೧೦ರಲ್ಲಿ ಅಮೆರಿಕದ ಕ್ಯಾಸಲ್, ಲಿಟಲ್ ಎಂಬವರು ಅದನ್ನು ಬಿಡಿಸಿದರು. ಲೆಕ್ಕದಲ್ಲಿ ಕಾಣದ ಒಂದು ಪಾಲು ಎಲ್ಲಿ ಹೋಯಿತೆಂದು ಕೇಳಿದಾಗ ದೊರೆತ ಉತ್ತರ ಅದು.

ಹೀಗೆ ತಿಳಿದೂ ಆ ತಳಿಯನ್ನು ಬೆಳೆಸುವುದು ಸರಿಯೇ? ಬೆಳೆಸುವವರ ಕಡೆಯ ಮಾತುಗಳನ್ನು ಹಗುರವಾಗಿ ತಳ್ಳಿಬಿಡಬಾರದು. ಅವರು ಹೇಳುವುದು ಇದು: ಈ ಹಾವು ತಿನ್ನುತ್ತದೆ, ಬೆಳೆಯುತ್ತದೆ, ಮೊಟ್ಟೆಯಿಡುತ್ತದೆ, ಇತರ ಹಾವುಗಳಂತೆ ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ; ನೋಯುತ್ತಿದ್ದರೆ ಹೀಗೆ ಬದುಕುತ್ತಿತ್ತೇ? ಹಾವಿನ ನೋವನ್ನು ಅಳೆಯುವ ಕೋಲು ಯಾರ ಬಳಿಯೂ ಇಲ್ಲವೆಂಬುದು ನಿಜ. ಅದಕ್ಕೆ ಕಣ್ಣೆವೆಯಿಲ್ಲ, ನರಳುವ ದನಿಯಿಲ್ಲ, ಮುಖದಲ್ಲಿ ಹುಬ್ಬುಗಂಟಿಲ್ಲ. ಆದರೆ ಮನುಷ್ಯನಲ್ಲಿ ಒಳಕಿವಿಯು ಕೆಟ್ಟಾಗ ಆಗುವ ತಲೆಸುತ್ತನ್ನು ಅನುಭವಿಸಿದವರು ಅದನ್ನು ಸುಖವೆಂದು ಹೇಳಿದುದಿಲ್ಲ. ಸಂಶಯವಿರುವಲ್ಲಿ ಅದರ ಲಾಭವು ಯಾರಿಗೆ ಸಲ್ಲಬೇಕು? ನ್ಯಾಯಸ್ಥಾನದಲ್ಲಿ ಅದು ಆಪಾದಿತನಿಗೆ ಸಲ್ಲುತ್ತದೆ. ಏಕೆಂದರೆ ತಪ್ಪಿದರೆ ನೇಣಿಗೇರುವವನು ಆತನೇ. ಇಲ್ಲಿ ತಪ್ಪಿದರೆ ಮೂವತ್ತು ವರ್ಷ ತಲೆತಿರುಗಿ ಬದುಕಬೇಕಾದುದು ಹಾವು. ಮೊಟ್ಟೆಯಿಡುವುದನ್ನು ಸುಖದ ಸಾಕ್ಷಿಯೆಂದು ಎಣಿಸುವುದಾದರೆ, ಗಾಣಕ್ಕೆ ಕಟ್ಟಿದ ಎತ್ತು ಹುಲ್ಲು ತಿನ್ನುವುದನ್ನೂ ಹಾಗೆಯೇ ಎಣಿಸಬೇಕಾದೀತು.

ಎರಡನೆಯ ವಾದವು ಇದಕ್ಕಿಂತ ಗಟ್ಟಿಯಾದುದು. ಈ ಜೋಡಿಯನ್ನು ಕೂಡಿಸದಿದ್ದರೆ ಈ ಹಾವು ಹುಟ್ಟುತ್ತಲೇ ಇರಲಿಲ್ಲ. ನಡುಕವಿಲ್ಲದ ಹಾವೊಂದು ಹುಟ್ಟಬಹುದಾಗಿತ್ತು, ಆದರೆ ಅದು ಬೇರೊಂದು ಹಾವು. ತನ್ನ ಇರವಿಗೇ ಕಾರಣವಾದ ಕಾರ್ಯವನ್ನು ಈ ಹಾವು ಹೇಗೆ ದೂರೀತು? ಡೆರೆಕ್ ಪಾರ್ಫಿಟ್ ಎಂಬ ಇಂಗ್ಲೆಂಡಿನ ತತ್ತ್ವಜ್ಞನು ೧೯೮೪ರಲ್ಲಿ ಮುಂದಿನ ತಲೆಮಾರಿನ ಮನುಷ್ಯರ ವಿಷಯದಲ್ಲಿ ಈ ತೊಡಕನ್ನು ಬಹು ತೀಕ್ಷ್ಣವಾಗಿ ಮುಂದಿಟ್ಟನು. ಅದನ್ನು ಸಂಪೂರ್ಣವಾಗಿ ಬಿಡಿಸಿದೆನೆಂದು ಆತನೇ ಹೇಳಿಕೊಳ್ಳಲಿಲ್ಲ. ಆದರೆ ಹಾವಿನ ವಿಷಯದಲ್ಲಿ ತೊಡಕು ಅಷ್ಟು ಬಿಗಿಯಾದುದಲ್ಲ. ಹುಟ್ಟದೆ ಹೋದ ಹಾವು ಎಲ್ಲಿಯೂ ಕುಳಿತು ತನ್ನ ನಷ್ಟಕ್ಕಾಗಿ ಅಳುತ್ತಿಲ್ಲ. ಹುಟ್ಟಿದ ಹಾವು ಮಾತ್ರ ಕಷ್ಟಪಡುತ್ತಿದೆ. ಅದಲ್ಲದೆ ಕೇಳಬೇಕಾದುದು ಹಾವು ದೂರುವುದೇ ಎಂದಲ್ಲ. ಪೆಟ್ಟಿಗೆಗಳ ಸಾಲಿನ ಮುಂದೆ ನಿಂತು ಈ ಗಂಡನ್ನು ಯಾವ ಹೆಣ್ಣಿನೊಡನೆ ಬಿಡಲೆಂದು ಯೋಚಿಸುವ ಮನುಷ್ಯನ ಮುಂದೆ ಹತ್ತು ದಾರಿಗಳಿವೆ. ಒಂಬತ್ತರಲ್ಲಿ ಈ ಬೇನೆಯಿಲ್ಲ, ಒಂದರಲ್ಲಿದೆ. ಆತನು ಆ ಒಂದನ್ನು ಹಿಡಿದನಾದರೆ, ಏತಕ್ಕೆ ಹಿಡಿದೆಯೆಂದು ಕೇಳುವ ಹಕ್ಕು ಲೋಕಕ್ಕಿದೆ. ಸೊಗಸಾಗಿದೆಯೆಂಬುದರ ಹೊರತು ಬೇರೆ ಉತ್ತರವು ಆತನಲ್ಲಿಲ್ಲ.

ಈ ಗುಣವನ್ನು ಪ್ರಕೃತಿಯೇ ಮಾಡಿತು, ತಾವು ಮಾಡಲಿಲ್ಲವೆಂಬ ಮಾತನ್ನೂ ಕೆಲವರು ಆಡುವರು. ಪ್ರಕೃತಿ ಮಾಡಿದುದು ಒಂದನ್ನು. ಸಾವಿರಗಳಾದುದು ಮನುಷ್ಯನಿಂದ.

ಹಾಗೆಂದ ಮಾತ್ರಕ್ಕೆ ವರ್ಣತಳಿಗಳೆಲ್ಲವೂ ಪಾಪದ ಫಲವೆಂದು ಹಳಿಯುವುದು ಅವಿವೇಕ. ಕೆಂಗಣ್ಣಿನ ಹಾವು ಕಾಡಿನಲ್ಲಿ ಬದುಕಲಾರದು. ಆದರೆ ಹದ್ದಿಲ್ಲದ ಬಿಸಿಲಿಲ್ಲದ ಪೆಟ್ಟಿಗೆಯಲ್ಲಿ ಅದರ ಬಿಳುಪು ಅದಕ್ಕೆ ಹೊರೆಯಲ್ಲ. ಹೊರಗಿನ ಲೋಕದಲ್ಲಿ ಮಾತ್ರ ಕೇಡಾಗುವ ಗುಣ ಒಂದು ಬಗೆ. ಎಲ್ಲಿಟ್ಟರೂ ಮೈಯೊಳಗೇ ಕುಳಿತು ಕಾಡುವ ಗುಣ ಇನ್ನೊಂದು ಬಗೆ. ಜರ್ಮನಿಯ ಪ್ರಾಣಿರಕ್ಷಣೆಯ ಕಾನೂನು ತನ್ನ ೧೧ಬಿ ವಿಧಿಯಲ್ಲಿ ಹಿಡಿದಿರುವುದು ಈ ಭೇದವನ್ನೇ: ಹುಟ್ಟುವ ಸಂತತಿಗೆ ವಂಶಗುಣದಿಂದಲೇ ನೋವು ಅಥವಾ ಹಾನಿ ಆಗುವುದೆಂದು ನಿರೀಕ್ಷಿಸಬಹುದಾದ ಕಡೆ ತಳಿ ಬೆಳೆಸಕೂಡದು. ‘ನಿರೀಕ್ಷಿಸಬಹುದಾದ’ ಎಂಬ ಮಾತಿನಲ್ಲಿ ಎಲ್ಲವೂ ಅಡಗಿದೆ. ಬಣ್ಣವು ಇಷ್ಟು ಪಾಲು ಬರುವುದೆಂದು ಕಾಗದದ ಮೇಲೆ ಚೌಕಗಳನ್ನೆಳೆದು ತೋರಿಸಿ ಮುಂಗಡ ಹಣ ಪಡೆದವನು, ಅದೇ ಚೌಕಗಳು ಅದೇ ಪಾಲಿನಲ್ಲಿ ತೋರಿಸುವ ನಡುಕವನ್ನು ಆಕಸ್ಮಿಕವೆಂದು ಹೇಳಲಾರನು. ಲಾಭದ ಪುಟದಲ್ಲಿ ಗಣಿತಜ್ಞನೂ ನಷ್ಟದ ಪುಟದಲ್ಲಿ ದೈವಭಕ್ತನೂ ಆಗುವುದಕ್ಕೆ ಯಾವ ಲೆಕ್ಕಪತ್ರದಲ್ಲಿಯೂ ಎಡೆಯಿಲ್ಲ.

ಕೊಳ್ಳುವವನ ಪಾಲೂ ಇದರಲ್ಲುಂಟು. ಆತನು ಹಾವನ್ನು ಮೊದಲು ಕಾಣುವುದು ಚಿತ್ರದಲ್ಲಿ. ಚಿತ್ರದಲ್ಲಿ ಹೊಂಬಣ್ಣವಿದೆ, ಜೇಡನ ನೂಲಿದೆ. ಚಿತ್ರವು ಅಲುಗದಾದುದರಿಂದ ನಡುಕ ಮಾತ್ರ ಇಲ್ಲ. ಆಸೆಯು ಹೀಗೆ ಬಣ್ಣವೊಂದನ್ನೇ ಕಂಡಾಗ ಏನಾಗುವುದೆಂಬುದಕ್ಕೆ ನಿದರ್ಶನವು ಬೆಂಗಳೂರಿನಲ್ಲಿಯೇ ದೊರೆಯಿತು. ೨೦೨೩ರ ಸೆಪ್ಟೆಂಬರಿನಲ್ಲಿ ಅಲ್ಲಿಯ ವಿಮಾನನಿಲ್ದಾಣದಲ್ಲಿ ಸುಂಕದ ಅಧಿಕಾರಿಗಳು ಬ್ಯಾಂಕಾಕಿನಿಂದ ಬಂದಿದ್ದ ಸಾಮಾನುಗಳನ್ನು ತೆರೆದಾಗ ೭೮ ಪ್ರಾಣಿಗಳು ಹೊರಬಂದುವು. ಅವುಗಳಲ್ಲಿ ೫೫ ನಾನಾ ವರ್ಣಗಳ ಚೆಂಡು ಹೆಬ್ಬಾವುಗಳು, ೧೭ ಕಾಳಿಂಗಸರ್ಪಗಳು. ಉಳಿದ ಆರು ಕಪುಚಿನ್ ಜಾತಿಯ ಕೋತಿಗಳು; ಅವು ಸತ್ತಿದ್ದುವು. ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಪಟ್ಟಿಯಲ್ಲಿ ಸೇರಿರುವ ಈ ಹೆಬ್ಬಾವನ್ನು ಅಪ್ಪಣೆಯಿಲ್ಲದೆ ತರುವುದು ಅಪರಾಧ. ೨೦೨೨ರಲ್ಲಿ ತಿದ್ದುಪಡಿಯಾದ ಭಾರತದ ವನ್ಯಜೀವಿಗಳ ಕಾನೂನಿನ ಪ್ರಕಾರ ಸಾಕುವವರು ಅದನ್ನು ಸರಕಾರದಲ್ಲಿ ದಾಖಲಿಸಲೂ ಬೇಕು. ಕಾನೂನು ಕೇಳುವುದು ಕಾಗದವನ್ನು. ಹಾವಿನ ಕಿವಿಯೊಳಗೆ ಏನಿದೆಯೆಂದು ಅದು ಕೇಳುವುದಿಲ್ಲ.

ತಾಯಿಹಾವು ಕಾಡಿನಲ್ಲಿ ತನ್ನ ಮೊಟ್ಟೆಗಳನ್ನು ಸುತ್ತುವರಿದು ಎರಡು ತಿಂಗಳು ಊಟ ಬಿಟ್ಟು ಕಾಯುತ್ತದೆ. ಸಾಕಣೆಗಾರನ ಮನೆಯಲ್ಲಿ ಮೊಟ್ಟೆಗಳನ್ನು ತಾಯಿಯಿಂದ ಬಿಡಿಸಿ ಕಾವುಪೆಟ್ಟಿಗೆಯಲ್ಲಿಡುತ್ತಾರೆ. ಸುಮಾರು ಐವತ್ತೈದನೆಯ ದಿನ, ಮರಿಯು ತಾನಾಗಿ ಸಿಪ್ಪೆ ಸೀಳಿ ಹೊರಬರಲು ಇನ್ನೂ ಕೆಲವು ದಿನಗಳಿರುವಾಗಲೇ, ಆತನು ಸಣ್ಣ ಕತ್ತರಿಯನ್ನು ಹಿಡಿದು ತೊಗಲಿನಂತಹ ಆ ಸಿಪ್ಪೆಯಲ್ಲಿ ಕಿಟಕಿಯಷ್ಟು ಕೊಯ್ದು ಒಳಗೆ ಇಣಿಕುತ್ತಾನೆ. ಮನೆಯವರೆಲ್ಲರೂ ದೀಪ ಹಿಡಿದು ಸುತ್ತ ನಿಲ್ಲುತ್ತಾರೆ. ಲೋಳೆಯ ನಡುವೆ ಹೊಂಬಣ್ಣದ ಮೈಯೊಂದು ಸುತ್ತಿಕೊಂಡಿದೆ. ಅದರ ಮೇಲೆ ಕಪ್ಪು ನೂಲಿನ ಗೆರೆಗಳು. ತಲೆಯು ಹಳದಿಯ ಚೀಲಕ್ಕೆ ಒರಗಿ ಅಲುಗದೆ ಇದೆ. ಮರಿಯು ಹೊರಬಂದು, ಮೊದಲ ಪೊರೆಯನ್ನು ಕಳಚಿ, ಮೊದಲ ಇಲಿಮರಿಯ ಮೇಲೆ ಎರಗಲು ಇನ್ನೂ ಎರಡು ವಾರಗಳಿವೆ.